ಕಯಾಕ್ ಮೇಲೆ ಫಿಶ್ ಫೈಂಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ಬೆಳಗ್ಗೆ ಕಾರಿನ ಮೇಲೆ ಕಯಾಕ್ ಕಟ್ಟಿಕೊಂಡು ಟೆಕ್ಸಾಸ್‌ನ ಲೂಯಿಸ್‌ವಿಲ್, ರೇ ರಾಬರ್ಟ್ಸ್, ಲೇಕ್ ಫೋರ್ಕ್ ಕೆರೆಗಳ ಕಡೆ ಹೊರಡುವ ನಮ್ಮವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಫಿಶ್ ಫೈಂಡರ್ ಅಂದರೆ ನೀರೊಳಗೆ ಶಬ್ದ ಬಿಟ್ಟು ಆಳ, ತಳ, ಮೀನನ್ನು ಪರದೆ ಮೇಲೆ ತೋರಿಸುವ ಸಣ್ಣ ಯಂತ್ರ. ಉದಾಹರಣೆಗಳು ಟೆಕ್ಸಾಸ್ ನೀರಿನವು. ಊರಿನ ಹಿನ್ನೀರು, ಅಳಿವೆಗಳ ಬಗ್ಗೆ ಕೇಳುವವರಿಗೆ ಕೊನೆಯಲ್ಲಿ ಉತ್ತರ ಇದೆ. ಬೆಲೆಗಳು ಅಂದಾಜಿನವು.

ಕಯಾಕ್‌ಗೆ ಫಿಶ್ ಫೈಂಡರ್ ಬೇಕೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ. ದಡದ ಹುಲ್ಲು, ದೋಣಿ ಕಟ್ಟೆ, ಬಿದ್ದ ಮರ ಇಂಥವುಗಳ ಪಕ್ಕ ನಾಲ್ಕೈದು ಅಡಿ ನೀರಿನಲ್ಲಿ ಬಾಸ್ ಮೀನು ಹಿಡಿಯುವವರಿಗೆ ಕಣ್ಣೇ ಸಾಕು. ದಡ ಬಿಟ್ಟು ಆಳಕ್ಕೆ ಹೋದರೆ ಮಾತ್ರ ಕಥೆ ಬೇರೆ. ಮೇಲಿಂದ ನೋಡಿದರೆ ಎಲ್ಲ ನೀರೂ ಒಂದೇ ಥರ ಕಾಣುತ್ತದೆ. ಇಲ್ಲಿನ ದೊಡ್ಡ ಕೆರೆಗಳೆಲ್ಲ ಹೆಚ್ಚಾಗಿ ಅಣೆಕಟ್ಟು ಕಟ್ಟಿ ಆದವು. ತಳದಲ್ಲಿ ಹಳೆ ಹಳ್ಳ, ಮುಳುಗಿದ ರಸ್ತೆ, ಬೇಲಿ ಸಾಲು, ಮರದ ಬೊಡ್ಡೆ ಎಲ್ಲ ಹಾಗೇ ಇವೆ. ಲೇಕ್ ಫೋರ್ಕ್‌ಗೆ 1980ರಲ್ಲಿ ನೀರು ನಿಲ್ಲಿಸಿದಾಗ ಎಷ್ಟೋ ಮರಗಳನ್ನು ಕಡಿಯದೆ ಹಾಗೇ ಬಿಟ್ಟರು. ಇವತ್ತಿಗೂ ಅಲ್ಲಿ ಬಾಸ್ ನಿಲ್ಲುವುದು ಆ ಮರಗಳ ಹತ್ತಿರ.

ಮೀನು ತೋರಿಸಲಿ ಅಂತ ಕೊಂಡವರಿಗೆ ಬೇಗ ಬೇಜಾರಾಗುತ್ತದೆ. ನೆಲ ತೋರಿಸಲಿ ಅಂತ ಕೊಂಡವರು ವರ್ಷಗಟ್ಟಲೆ ಬಳಸುತ್ತಾರೆ. ಆಳ ಎಷ್ಟು, ತಳ ಗಟ್ಟಿಯೋ ಕೆಸರೋ, ನೀರು ಎಷ್ಟು ಬೆಚ್ಚಗಿದೆ ಅನ್ನುವುದು ಗೊತ್ತಾದರೆ ಮೀನು ಎಲ್ಲಿರಬಹುದು ಅಂತ ನೀವೇ ಅಂದಾಜು ಮಾಡಬಹುದು. ಮುಂದಿನ ಎಲ್ಲ ಉತ್ತರಗಳೂ ಈ ನಂಬಿಕೆಯಿಂದಲೇ ಬಂದವು. ಆದ್ದರಿಂದ ದುಬಾರಿ ಮಾಡೆಲ್‌ಗಳ ಬಗ್ಗೆ ನಾನು ಸ್ವಲ್ಪ ಜಿಪುಣ ಅನ್ನಿಸಿದರೆ ಆಶ್ಚರ್ಯ ಬೇಡ.

ಇದು ಕೆಲಸ ಮಾಡುವುದು ಹೇಗೆ?

ಟ್ರಾನ್ಸ್‌ಡ್ಯೂಸರ್ ಅನ್ನುವ ಸಣ್ಣ ಡಬ್ಬಿ ನೀರಿನೊಳಗೆ ಶಬ್ದ ಬಿಡುತ್ತದೆ. ನಮ್ಮ ಕಿವಿಗೆ ಕೇಳದಷ್ಟು ಕೀಚಲು ಶಬ್ದ. ಅದು ತಳಕ್ಕೋ ಮೀನಿಗೋ ಬಡಿದು ವಾಪಸ್ ಬರುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ. 30 ಅಡಿ ಆಳದ ತಳ ಮುಟ್ಟಿ ಬರಲು 12 ಮಿಲಿಸೆಕೆಂಡ್ ಸಾಕು. ಹೋಗಿ ಬಂದ ಸಮಯದಿಂದ ಆಳ ತಿಳಿಯುತ್ತದೆ, ವಾಪಸ್ ಬಂದ ಶಬ್ದದ ಜೋರಿನಿಂದ ಪರದೆಯ ಬಣ್ಣ ಬರುತ್ತದೆ. ಮೀನುಗಾರರಿಗೆ ಅಂತಲೇ ಇದನ್ನು ಮೊದಲು ಮಾರುಕಟ್ಟೆಗೆ ತಂದವರು ನಾಗಸಾಕಿ ಕಡೆಯ ಫುರುನೋ ಸಹೋದರರು, 1948ರಲ್ಲಿ. ಮೂಲ ತತ್ವ ಆಗಿನದೇ.

ಮರೆಯಬಾರದ ವಿಷಯ ಒಂದಿದೆ. ಶಬ್ದ ಟಾರ್ಚ್ ಬೆಳಕಿನ ಹಾಗೆ ಕೆಳಗೆ ಹೋದಂತೆ ಅಗಲವಾಗುತ್ತದೆ. 20 ಡಿಗ್ರಿ ಕೋನದ ಟ್ರಾನ್ಸ್‌ಡ್ಯೂಸರ್ ಆದರೆ 30 ಅಡಿ ಆಳದಲ್ಲಿ ಸುಮಾರು ಹತ್ತು ಅಡಿ ಅಗಲದ ವೃತ್ತ ಕಾಣುತ್ತದೆ. 10 ಅಡಿ ಆಳದಲ್ಲಿ ಬರೀ ಮೂರೂವರೆ ಅಡಿ. ಕಡಿಮೆ ನೀರಿನಲ್ಲಿ ಪರದೆ ಖಾಲಿ ಇದೆ ಅಂದರೆ ಅಲ್ಲಿ ಮೀನಿಲ್ಲ ಅಂತಲ್ಲ. ನಿಮ್ಮ ಕಯಾಕ್‌ನ ಅಗಲದಷ್ಟು ಜಾಗದಲ್ಲಿ ಮೀನಿಲ್ಲ, ಅಷ್ಟೇ.

ಮೊದಲ ಸಲ ಕೊಳ್ಳುವವನು ಯಾವುದು ತಗೊಳ್ಳಲಿ? ಎಷ್ಟು ದುಡ್ಡು ಇಡಲಿ?

ನೂರರಿಂದ ಇನ್ನೂರು ಡಾಲರ್ ಒಳಗೆ ಗಾರ್ಮಿನ್ ಸ್ಟ್ರೈಕರ್ 4 ಥರದ್ದು ಸಿಗುತ್ತದೆ. ಪರದೆ ಮೂರೂವರೆ ಇಂಚು. ಆಳ, ತಳ, ಉಷ್ಣಾಂಶ ತೋರಿಸುತ್ತದೆ. ಜಿಪಿಎಸ್ ಇದೆ, ಒಳ್ಳೆ ಜಾಗ ಸಿಕ್ಕರೆ ಗುರುತು ಹಾಕಿಕೊಳ್ಳಬಹುದು. ನಕ್ಷೆ ಮಾತ್ರ ಇಲ್ಲ. ಕಯಾಕ್ ಹೊಸದು, ಕೆರೆ ಹೊಸದು ಅನ್ನುವವರಿಗೆ ಇಷ್ಟು ಸಾಕು. ಒಂದು ಬೇಸಿಗೆ ಇದರಲ್ಲಿ ಕಳೆದರೆ ನಿಮಗೆ ಮುಂದೆ ಏನು ಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಇನ್ನೂ ಸ್ವಲ್ಪ ಖರ್ಚು ಮಾಡಬಲ್ಲೆ ಅನ್ನುವವರು ಹಮ್ಮಿಂಗ್‌ಬರ್ಡ್ ಹೀಲಿಕ್ಸ್ 5, ಲೋರಾನ್ಸ್ ಹುಕ್ ರಿವೀಲ್ 5 ಅಥವಾ ಅದೇ ಮಟ್ಟದ ಗಾರ್ಮಿನ್ ನೋಡಬಹುದು. ಈ ಮೂರು ಕಂಪನಿಗಳಲ್ಲಿ ಯಾವುದು ಒಳ್ಳೇದು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ನಿಮ್ಮ ಜೊತೆ ಬರುವ ಗೆಳೆಯನ ಹತ್ತಿರ ಯಾವುದಿದೆಯೋ ಅದನ್ನೇ ತಗೊಳ್ಳಿ. ಮೆನು ಒಂದೇ ಇದ್ದರೆ ಒಬ್ಬರಿಗೊಬ್ಬರು ಕಲಿಸಿಕೊಡಬಹುದು.

ಪೆಟ್ಟಿಗೆಯ ಬೆಲೆ ನೋಡಿ ಅಷ್ಟೇ ಖರ್ಚು ಅಂದುಕೊಳ್ಳಬೇಡಿ. ಬ್ಯಾಟರಿ, ಚಾರ್ಜರ್, ಟ್ರಾನ್ಸ್‌ಡ್ಯೂಸರ್ ಕಟ್ಟುವ ಕೈ, ಫ್ಯೂಸ್, ವೈರು ಸೇರಿದರೆ ಇನ್ನೂ ನೂರೈವತ್ತು ಡಾಲರ್ ಹತ್ತಿರ ಆಗುತ್ತದೆ.

ಪರದೆ ಎಷ್ಟು ದೊಡ್ಡದಿರಬೇಕು?

ಬರೀ ಆಳ ನೋಡುವುದಾದರೆ 4 ಇಂಚು. ಪರದೆಯನ್ನು ಎರಡು ಭಾಗ ಮಾಡಿ ಒಂದು ಕಡೆ ನಕ್ಷೆ, ಒಂದು ಕಡೆ ಸೋನಾರ್ (ಶಬ್ದದಿಂದ ಬರುವ ಚಿತ್ರ) ನೋಡುವುದಾದರೆ 5ಕ್ಕಿಂತ ಕಡಿಮೆ ಬೇಡ. ಪಕ್ಕಕ್ಕೆ ನೋಡುವ ಸೈಡ್ ಇಮೇಜಿಂಗ್ ಬೇಕಾದರೆ 7. ಅದಕ್ಕಿಂತ ದೊಡ್ಡದು ಕಯಾಕ್‌ನಲ್ಲಿ ಹುಟ್ಟು ಹಾಕುವಾಗ ಅಡ್ಡ ಬರುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ. ನಲವತ್ತು ದಾಟಿ ಓದುವ ಕನ್ನಡಕ ಬಂದವರು ಒಂದು ಸೈಜ್ ಮೇಲಕ್ಕೇ ಹೋಗಿ.

ಚಿರ್ಪ್, ಡೌನ್ ಇಮೇಜಿಂಗ್, ಸೈಡ್ ಇಮೇಜಿಂಗ್ ಇವೆಲ್ಲ ಏನು?

ಹಳೆ ಸೋನಾರ್ 83 ಅಥವಾ 200 ಕಿಲೋಹರ್ಟ್ಸ್ ಥರ ಒಂದೇ ಕಂಪನದಲ್ಲಿ ಶಬ್ದ ಬಿಡುತ್ತಿತ್ತು. ಚಿರ್ಪ್ ಸೋನಾರ್ ಕೆಳಗಿನ ಕಂಪನದಿಂದ ಮೇಲಿನ ಕಂಪನದವರೆಗೆ ಜಾರಿಸಿಕೊಂಡು ಹೋಗುತ್ತದೆ. ಇದರಿಂದ ಪಕ್ಕಪಕ್ಕ ಇರುವ ಎರಡು ಮೀನು ಒಂದೇ ಗುಡ್ಡೆಯಾಗಿ ಕಾಣದೆ ಬೇರೆ ಬೇರೆಯಾಗಿ ಕಾಣುತ್ತವೆ. ಈಗ ಅಗ್ಗದ ಮಾಡೆಲ್‌ಗಳಲ್ಲೂ ಇದು ಬರುತ್ತದೆ.

ಡೌನ್ ಇಮೇಜಿಂಗ್ 455 ಅಥವಾ 800 ಕಿಲೋಹರ್ಟ್ಸ್‌ನಂಥ ಹೆಚ್ಚಿನ ಕಂಪನದಲ್ಲಿ ಕೆಲಸ ಮಾಡುತ್ತದೆ. ಮರ ಮರದ ಹಾಗೆ, ಕೊಂಬೆ ಕೊಂಬೆಯ ಹಾಗೆ ಕಾಣುತ್ತದೆ. ಕಂಪನ ಹೆಚ್ಚಾದಷ್ಟೂ ಚಿತ್ರ ಚೊಕ್ಕ, ಆದರೆ ಮುಟ್ಟುವ ಆಳ ಕಡಿಮೆ. ಸೈಡ್ ಇಮೇಜಿಂಗ್ ಕಯಾಕ್‌ನ ಎಡ ಬಲ ಎರಡೂ ಕಡೆ ನೋಡುತ್ತದೆ. ಆರು ಅಡಿ ನೀರಿನಲ್ಲಿ ನೇರ ಕೆಳಗೆ ನೋಡಿದರೆ ಎರಡು ಅಡಿ ಜಾಗ ಕಾಣುತ್ತದೆ, ಪಕ್ಕಕ್ಕೆ ನೋಡಿದರೆ ಎರಡೂ ಕಡೆ ಐವತ್ತು ಅರವತ್ತು ಅಡಿ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಜಾಸ್ತಿ ದುಡ್ಡು ಕೊಟ್ಟಿದ್ದಕ್ಕೆ ನಿಜವಾಗಿ ಉಪಯೋಗಕ್ಕೆ ಬರುವುದು ಇದೊಂದೇ.

ಲೈವ್ ಸೋನಾರ್ ಹಾಕಿಸಲಾ?

ಗಾರ್ಮಿನ್‌ನವರ ಲೈವ್‌ಸ್ಕೋಪ್ 2018ರಲ್ಲಿ ಬಂತು. ಆಮೇಲೆ ಲೋರಾನ್ಸ್, ಹಮ್ಮಿಂಗ್‌ಬರ್ಡ್‌ನವರೂ ತಂದರು. ಮೀನು ನಿಮ್ಮ ಗಾಳದ ಕಡೆ ಈಜಿ ಬಂದು, ಮೂಸಿ, ತಿರುಗಿ ಹೋಗುವುದನ್ನು ಆ ಕ್ಷಣದಲ್ಲೇ ಪರದೆ ಮೇಲೆ ನೋಡಬಹುದು. ನೋಡಲು ಅದ್ಭುತ. ಆದರೆ ಪರದೆ, ಕಪ್ಪು ಪೆಟ್ಟಿಗೆ, ಟ್ರಾನ್ಸ್‌ಡ್ಯೂಸರ್, ತಿರುಗಿಸುವ ಕಂಬ, ದೊಡ್ಡ ಬ್ಯಾಟರಿ ಎಲ್ಲ ಸೇರಿ ಎರಡು ಸಾವಿರ ಡಾಲರ್ ಸುಲಭವಾಗಿ ದಾಟುತ್ತದೆ. ಕಯಾಕ್‌ಗಿಂತ ಜಾಸ್ತಿ ಬೆಲೆಯ ಯಂತ್ರ ಕಯಾಕ್ ಮೇಲೆ! ಮೊದಲ ವರ್ಷ ಬೇಡ. ನಾಲ್ಕನೇ ವರ್ಷವೂ ಬೇಕು ಅನ್ನಿಸಿದರೆ ಆಗ ನೋಡೋಣ.

ಫೋನ್‌ಗೆ ಕನೆಕ್ಟ್ ಆಗುವ ಚೆಂಡಿನಂಥದ್ದು ಸಾಲದಾ?

ಡೀಪರ್ ಥರದವು ದಡದಿಂದ ಎಸೆಯುವವರಿಗೆ ಬಹಳ ಚೆನ್ನಾಗಿವೆ. ಕಯಾಕ್‌ನಲ್ಲಿಯೂ ಪಕ್ಕಕ್ಕೆ ಒಂದು ಕೈ ಕಟ್ಟಿ ತೇಲಿಸಬಹುದು. ಬಾಡಿಗೆ ಕಯಾಕ್ ತಗೊಳ್ಳುವವರಿಗೆ, ಅಪಾರ್ಟ್‌ಮೆಂಟ್‌ನಲ್ಲಿ ಜಾಗ ಇಲ್ಲದವರಿಗೆ ಇದೇ ಸರಿ. ತೊಂದರೆ ಇರುವುದು ಫೋನಿನ ಕಡೆಯಿಂದ. ಟೆಕ್ಸಾಸ್ ಬಿಸಿಲಿನಲ್ಲಿ ಫೋನ್ ಕಾದು ತಾನೇ ಆಫ್ ಆಗುತ್ತದೆ. ಒದ್ದೆ ಬೆರಳು ಅದಕ್ಕೆ ಗೊತ್ತಾಗುವುದಿಲ್ಲ. ಅಪಾಯ ಬಂದಾಗ ಕರೆ ಮಾಡಬೇಕಾದ ಫೋನಿನ ಚಾರ್ಜೂ ಇದಕ್ಕೇ ಹೋಗುತ್ತದೆ.

ಹಳೇದು, ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಧಾರಾಳವಾಗಿ. ಟ್ರಾನ್ಸ್‌ಡ್ಯೂಸರ್ ವೈರನ್ನು ಪೂರ್ತಿ ಬಿಚ್ಚಿ ನೋಡಿ, ಎಲ್ಲೂ ಕತ್ತರಿಸಿ ಜೋಡಿಸಿರಬಾರದು. ಪ್ಲಗ್‌ನ ಪಿನ್‌ಗಳು ಹಸಿರುಗಟ್ಟಿರಬಾರದು. ಆನ್ ಮಾಡಿಸಿ, ಟ್ರಾನ್ಸ್‌ಡ್ಯೂಸರ್ ಅನ್ನು ಬಕೆಟ್ ನೀರಿಗೆ ಇಳಿಸಿ ಉಷ್ಣಾಂಶ ಸರಿ ತೋರಿಸುತ್ತದೆಯಾ ನೋಡಿ. ಬಕೆಟ್‌ನಲ್ಲಿ ಆಳ ಸರಿಯಾಗಿ ಬರುವುದಿಲ್ಲ, ಅದಕ್ಕೆ ಗಾಬರಿ ಬೇಡ.

ಟ್ರಾನ್ಸ್‌ಡ್ಯೂಸರ್ ಎಲ್ಲಿ ಕಟ್ಟಬೇಕು?

ಯಂತ್ರ ಯಾವುದಾದರೂ ನಡೆಯುತ್ತದೆ, ಟ್ರಾನ್ಸ್‌ಡ್ಯೂಸರ್ ಮಾತ್ರ ಸರಿಯಾದ ಜಾಗದಲ್ಲಿ ಇರಬೇಕು. ಇನ್ನೂರು ಡಾಲರ್‌ನದ್ದು ಚೆನ್ನಾಗಿ ಕಟ್ಟಿದರೆ, ಸಾವಿರ ಡಾಲರ್‌ನದ್ದು ವಕ್ರವಾಗಿ ಕಟ್ಟಿದ್ದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಬೇಕಾದದ್ದು ಮೂರೇ: ಯಾವಾಗಲೂ ನೀರೊಳಗೆ ಇರಬೇಕು, ಸಮತಲವಾಗಿ ನೇರ ಕೆಳಗೆ ನೋಡಬೇಕು, ಸುತ್ತ ಗಾಳಿಗುಳ್ಳೆ ಇರಬಾರದು.

ಮೊದಲು ನಿಮ್ಮ ಕಯಾಕ್‌ನ ಅಡಿಭಾಗ ತಿರುಗಿಸಿ ನೋಡಿ. ಹಲವು ಫಿಶಿಂಗ್ ಕಯಾಕ್‌ಗಳಲ್ಲಿ ಟ್ರಾನ್ಸ್‌ಡ್ಯೂಸರ್‌ಗೆ ಅಂತಲೇ ಒಂದು ಗುಳಿ ಬಿಟ್ಟು, ಪಕ್ಕದಲ್ಲೇ ವೈರಿಗೆ ದಾರಿ ಕೊಟ್ಟಿರುತ್ತಾರೆ. ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಅಲ್ಲಿ ಕಟ್ಟಿದ್ದು ಕಯಾಕ್‌ನ ತಳಕ್ಕಿಂತ ಕೆಳಗೆ ಚಾಚಿರಬಾರದು, ಇಲ್ಲದಿದ್ದರೆ ಜಲ್ಲಿ ರ‍್ಯಾಂಪ್ ಮೇಲೆ ಎಳೆಯುವಾಗ ಮೊದಲು ಉಜ್ಜಿ ಹೋಗುವುದು ಅದೇ. ಸೈಡ್ ಇಮೇಜಿಂಗ್ ಇದ್ದರೆ ಇನ್ನೊಂದು ತಾಪತ್ರಯ. ಗುಳಿಯ ಗೋಡೆ ಪಕ್ಕದ ನೋಟಕ್ಕೆ ಅಡ್ಡ ಬರಬಹುದು.

ಗುಳಿ ಇಲ್ಲದಿದ್ದರೆ ಪಕ್ಕಕ್ಕೆ ಇಳಿಬಿಡುವ ಕೈ. ರ‍್ಯಾಮ್, ಯಾಕ್‌ಅಟ್ಯಾಕ್, ರೈಲ್‌ಬ್ಲೇಝಾ ಇವರೆಲ್ಲ ಕಯಾಕ್‌ನ ಟ್ರ್ಯಾಕ್‌ಗೆ ಸಿಕ್ಕಿಸುವ ಕೈಗಳನ್ನು ಮಾರುತ್ತಾರೆ. ತೂತು ಕೊರೆಯಬೇಕಿಲ್ಲ. ನೀರು ಕಡಿಮೆಯಾದಾಗ ಎತ್ತಿ ಮಡಚಬಹುದು, ಬೇರೆ ಕಯಾಕ್‌ಗೂ ಹಾಕಬಹುದು. ಸ್ವಲ್ಪ ನೀರಿನ ಎಳೆತ ಇರುತ್ತದೆ, ಹುಲ್ಲು ಸಿಕ್ಕಿಕೊಳ್ಳುತ್ತದೆ, ದೊಡ್ಡ ಮೀನು ಬಂದಾಗ ದಾರ ಅದಕ್ಕೆ ಸುತ್ತಿಕೊಳ್ಳುವುದೂ ಉಂಟು. ಆದ್ದರಿಂದ ನೀವು ಸಾಮಾನ್ಯವಾಗಿ ಮೀನು ಎಳೆದುಕೊಳ್ಳುವ ಕಡೆಗೆ ಅದನ್ನು ಕಟ್ಟಬೇಡಿ. ಪೆಡಲ್ ಕಯಾಕ್ ಆದರೆ ಪೆಡಲ್‌ನ ನೇರ ಹಿಂದೆ ಬೇಡ, ಅಲ್ಲಿ ನೀರು ಕಲಕಿ ಗುಳ್ಳೆ ಏಳುತ್ತದೆ.

ಕಯಾಕ್ ಒಳಗಡೆಯೇ ಅಂಟಿಸಿದರೆ ನಡೆಯುತ್ತಾ?

ನಡೆಯುತ್ತದೆ. ಕಯಾಕ್‌ನ ಪಾಲಿಎಥಿಲೀನ್ ಪ್ಲಾಸ್ಟಿಕ್ ಮೂಲಕ ಸಾಮಾನ್ಯ ಸೋನಾರ್ ಹಾದು ಹೋಗುತ್ತದೆ. ಮೆರೀನ್ ಗೂಪ್‌ನಂಥ ಅಂಟನ್ನು ದಪ್ಪಗೆ ಹಾಕಿ, ಒಂದು ಗುಳ್ಳೆಯೂ ಉಳಿಯದ ಹಾಗೆ ಟ್ರಾನ್ಸ್‌ಡ್ಯೂಸರ್ ಅನ್ನು ತಿರುಗಿಸುತ್ತಾ ಒತ್ತಬೇಕು. ಸಾಸಿವೆ ಕಾಳಿನಷ್ಟು ಗಾಳಿ ಉಳಿದರೂ ಚಿತ್ರ ಕೆಡುತ್ತದೆ, ಶಬ್ದಕ್ಕೆ ಗಾಳಿ ಅಂದರೆ ಗೋಡೆ. ಅಂಟಿಸಿದರೆ ಉಷ್ಣಾಂಶ ಕಯಾಕ್‌ನ ಪ್ಲಾಸ್ಟಿಕ್‌ದು ಬರುತ್ತದೆ, ನೀರಿನದ್ದಲ್ಲ. ಡೌನ್ ಇಮೇಜಿಂಗ್, ಸೈಡ್ ಇಮೇಜಿಂಗ್ ಇದ್ದರೆ ಒಳಗೆ ಅಂಟಿಸಬೇಡಿ, ಕೊಟ್ಟ ದುಡ್ಡು ದಂಡ.

ಬ್ಯಾಟರಿ ಯಾವುದು, ಎಷ್ಟು ದೊಡ್ಡದು?

ಲೆಕ್ಕ ಸುಲಭ. ಯಂತ್ರ ಎಷ್ಟು ಆಂಪ್ ಎಳೆಯುತ್ತದೆ ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ನಾಲ್ಕಿಂಚಿನದ್ದು ಕಾಲು ಆಂಪ್ ಹತ್ತಿರ, ಏಳಿಂಚಿನದ್ದು ಒಂದು ಆಂಪ್ ಹತ್ತಿರ ಅಂತಿಟ್ಟುಕೊಳ್ಳಿ. ಅದನ್ನು ನೀರಿನ ಮೇಲೆ ಇರುವ ಗಂಟೆಗಳಿಂದ ಗುಣಿಸಿ, ಮೇಲೆ ಕಾಲು ಭಾಗ ಸೇರಿಸಿ. ಏಳಿಂಚು, ಎಂಟು ಗಂಟೆ ಅಂದರೆ 10 ಆಂಪ್-ಅವರ್.

ಹಳೆ ಕಾಲದ 12 ವೋಲ್ಟ್ 7 ಆಂಪ್-ಅವರ್ ಸೀಸದ ಬ್ಯಾಟರಿ, ಅದೇ ಯುಪಿಎಸ್‌ನಲ್ಲಿ ಇರುತ್ತದಲ್ಲ, ಅಗ್ಗಕ್ಕೆ ಸಿಗುತ್ತದೆ. ತೂಕ ಎರಡು ಕಿಲೋ ಮೇಲೆ. ಅದರಲ್ಲಿ ಅರ್ಧ ಮಾತ್ರ ಬಳಸಬಹುದು, ಪೂರ್ತಿ ಇಳಿಸಿದರೆ ಬೇಗ ಸಾಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ತಗೊಂಡರೆ ತೂಕ ಅರ್ಧದಷ್ಟು, ಶಕ್ತಿ ಹೆಚ್ಚುಕಡಿಮೆ ಪೂರ್ತಿ ಬಳಸಬಹುದು, ಕೊನೆಯವರೆಗೂ ವೋಲ್ಟೇಜ್ ಬೀಳುವುದಿಲ್ಲ. ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಅದಕ್ಕೆ ಅಂತಲೇ ಇರುವ ಚಾರ್ಜರ್ ಬಳಸಿ. ಚಳಿಗಾಲದಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗಿದ್ದಾಗ ಗರಾಜ್‌ನಲ್ಲಿ ಚಾರ್ಜಿಗೆ ಹಾಕಬೇಡಿ, ಮನೆಯೊಳಗೆ ತಂದು ಬೆಚ್ಚಗಾದ ಮೇಲೆ ಹಾಕಿ.

‘12 ವೋಲ್ಟ್ ಲಿಥಿಯಂ’ ಅಂತ ಬರೆದಿದ್ದೆಲ್ಲ ಒಂದೇ ಅಲ್ಲ. ಲಿಥಿಯಂ ಐರನ್ ಫಾಸ್ಫೇಟ್ 12.8 ವೋಲ್ಟ್. ಕೆಲವು ಬೇರೆ ಲಿಥಿಯಂ ಪ್ಯಾಕ್‌ಗಳು ತುಂಬಿದಾಗ 16.8 ವೋಲ್ಟ್ ಮುಟ್ಟುತ್ತವೆ. ನಿಮ್ಮ ಯಂತ್ರ ಎಷ್ಟು ವೋಲ್ಟ್‌ವರೆಗೆ ತಡೆಯುತ್ತದೆ ಅಂತ ನೋಡದೆ ಜೋಡಿಸಬೇಡಿ.

ಫ್ಯೂಸ್ ಇಲ್ಲದೆ ನಡೆಯಲ್ವಾ?

ಇಲ್ಲ. ಇದರಲ್ಲಿ ಚೌಕಾಸಿ ಬೇಡ. ಪ್ಲಾಸ್ಟಿಕ್ ದೋಣಿ, ಮುಚ್ಚಿದ ಪೆಟ್ಟಿಗೆ, ಲಿಥಿಯಂ ಬ್ಯಾಟರಿ, ನೀರು. ಪಾಸಿಟಿವ್ ವೈರಿನಲ್ಲಿ, ಬ್ಯಾಟರಿಗೆ ಆದಷ್ಟು ಹತ್ತಿರ, ಮ್ಯಾನ್ಯುಯಲ್ ಹೇಳಿದ ಫ್ಯೂಸ್ ಹಾಕಿ. ಸಣ್ಣ ಯಂತ್ರಗಳಿಗೆ ಸಾಮಾನ್ಯವಾಗಿ 3 ಆಂಪ್.

ಎಲೆಕ್ಟ್ರಿಕ್ ಮೋಟಾರ್ ಇದೆ. ಅದೇ ಬ್ಯಾಟರಿಯಿಂದ ಕೊಡಬಹುದಾ?

ಕೊಡಬಹುದು, ಆದರೆ ಮೋಟಾರ್ ತಿರುಗಿದಾಗೆಲ್ಲ ಪರದೆ ಮೇಲೆ ಮಳೆ ಹನಿಯಂಥ ಚುಕ್ಕೆಗಳು ಬರುತ್ತವೆ. ಬೇರೆ ಸಣ್ಣ ಬ್ಯಾಟರಿ ಇಟ್ಟರೆ ಈ ಕಾಟ ಇಲ್ಲ. ಎರಡರ ವೈರುಗಳನ್ನೂ ದೂರ ದೂರ ಎಳೆಯಿರಿ. ಅಂದಹಾಗೆ ಟೆಕ್ಸಾಸ್‌ನಲ್ಲಿ ಕಯಾಕ್‌ಗೆ ಮೋಟಾರ್ ಹಾಕಿದ ಕೂಡಲೇ ಅದು ನೋಂದಣಿ ಮಾಡಿಸಬೇಕಾದ ದೋಣಿ ಆಗುತ್ತದೆ.

ಆನ್ ಮಾಡಿದ ಮೇಲೆ ಮೊದಲು ಏನು ಬದಲಾಯಿಸಲಿ?

ಮೀನಿನ ಚಿತ್ರ ತೋರಿಸುವ ಫಿಶ್ ಐಡಿ ಆಫ್ ಮಾಡಿ. ನೀರಿನ ಮಧ್ಯೆ ತೇಲುವ ಎಲೆ, ಗುಳ್ಳೆ, ಕೊಂಬೆ ತುದಿ ಎಲ್ಲಕ್ಕೂ ಅದು ಮೀನು ಅನ್ನುತ್ತದೆ. ನೋಡಲು ಖುಷಿ, ಕಲಿಯಲು ಅಡ್ಡಿ. ಆಮೇಲೆ ಸೆನ್ಸಿಟಿವಿಟಿ ಜಾಸ್ತಿ ಮಾಡುತ್ತಾ ಹೋಗಿ. ಪರದೆ ತುಂಬ ಚುಕ್ಕೆ ಬಂದಾಗ ಎರಡು ಹೆಜ್ಜೆ ಕೆಳಗಿಳಿಸಿ. ಆಳದ ರೇಂಜ್ ಆಟೋದಲ್ಲೇ ಇರಲಿ. ಪರದೆ ಸರಿಯುವ ವೇಗವನ್ನು ಕಯಾಕ್ ವೇಗಕ್ಕೆ ತಕ್ಕ ಹಾಗೆ ಸ್ವಲ್ಪ ನಿಧಾನ ಮಾಡಿ. ಉಳಿದದ್ದಕ್ಕೆ ಕೈ ಹಾಕಬೇಡಿ.

ಪರದೆ ಮೇಲೆ ಕಾಣುವುದನ್ನು ಓದುವುದು ಹೇಗೆ?

ಮೊದಲು ಇದು ತಲೆಯಲ್ಲಿ ಕೂರಬೇಕು: ಪರದೆಯ ಬಲ ತುದಿ ಮಾತ್ರ ಈಗಿನದು. ಎಡಕ್ಕೆ ಸರಿದದ್ದೆಲ್ಲ ಆಗಲೇ ಆಗಿಹೋದ ಕಥೆ. ಅಡ್ಡಕ್ಕೆ ಇರುವುದು ಸಮಯ, ದೂರ ಅಲ್ಲ. ನೀವು ಕದಲದೆ ಒಂದೇ ಕಡೆ ನಿಂತರೂ ಚಿತ್ರ ಸರಿಯುತ್ತಲೇ ಇರುತ್ತದೆ. ಆಗ ಉದ್ದನೆಯ ಗೆರೆ ಕಂಡರೆ ಅದು ಉದ್ದನೆಯ ಮೀನಲ್ಲ, ಕೆಳಗೆ ಸುಮ್ನೆ ನಿಂತಿರುವ ಮೀನು.

ಬಿಲ್ಲಿನಂಥ ಕಮಾನು ಯಾಕೆ ಬರುತ್ತದೆ? ಮೀನು ಶಬ್ದದ ಕೋನದ ಅಂಚಿನಲ್ಲಿದ್ದಾಗ ಟ್ರಾನ್ಸ್‌ಡ್ಯೂಸರ್‌ನಿಂದ ಸ್ವಲ್ಪ ದೂರ, ಅದಕ್ಕೇ ಆಳವಾಗಿ ಕಾಣುತ್ತದೆ. ನೇರ ಕೆಳಗೆ ಬಂದಾಗ ಹತ್ತಿರ. ಆಚೆ ಅಂಚಿಗೆ ಹೋದಾಗ ಮತ್ತೆ ದೂರ. ಅರ್ಧ ಕಮಾನು ಕಂಡರೆ ಮೀನು ಅಂಚಿನಲ್ಲೇ ಬಂದು ಹೋಗಿದೆ. ಕಮಾನಿನ ಉದ್ದ ನೋಡಿ ಮೀನಿನ ಗಾತ್ರ ಹೇಳಬೇಡಿ, ದಪ್ಪ ಮತ್ತು ಬಣ್ಣ ನೋಡಿ. ಅದರಲ್ಲೂ ಮೀನಿನ ಹೊಟ್ಟೆಯ ಗಾಳಿಚೀಲದಿಂದಲೇ ಹೆಚ್ಚಿನ ಪ್ರತಿಧ್ವನಿ ಬರುವುದು.

ತಳ ಗಟ್ಟಿಯಾಗಿದ್ದರೆ ಗೆರೆ ಹೊಳೆಯುವ ಬಣ್ಣದಲ್ಲಿ ಬರುತ್ತದೆ. ಕಲ್ಲು, ಜಲ್ಲಿ ಇದ್ದರೆ ಎರಡು ಪಟ್ಟು ಆಳದಲ್ಲಿ ಇನ್ನೊಂದು ಮಂಕು ತಳ ಕಾಣುತ್ತದೆ. ಶಬ್ದ ತಳಕ್ಕೆ ಬಡಿದು, ನೀರಿನ ಮೇಲ್ಮೈಗೆ ಬಡಿದು, ಮತ್ತೆ ತಳಕ್ಕೆ ಹೋಗಿ ಬಂದಿದ್ದು ಅದು. ಕೆಸರು ಶಬ್ದವನ್ನು ನುಂಗುತ್ತದೆ, ಗೆರೆ ಮಂಕಾಗುತ್ತದೆ, ಎರಡನೇ ತಳ ಬರುವುದಿಲ್ಲ. ಕೆಸರು ಮುಗಿದು ಜಲ್ಲಿ ಶುರುವಾಗುವ ಜಾಗ ಸಿಕ್ಕರೆ ಗುರುತು ಹಾಕಿ. ಅಲ್ಲಿ ಮೀನು ಕಾಣದಿದ್ದರೂ ಗಾಳ ಹಾಕಿ ನೋಡುವವನು ನಾನು.

ಮಧ್ಯ ನೀರಿನಲ್ಲಿ ಮೋಡದಂಥ ಗುಡ್ಡೆ ಕಂಡರೆ ಶಾಡ್ ಎಂಬ ಮೀನಿನ ಮರಿಗಳ ಹಿಂಡು. ಗುಡ್ಡೆ ಗುಂಡಗೆ, ಬಿಗಿಯಾಗಿದ್ದು ಕೆಳಗೆ ದಪ್ಪ ಗೆರೆಗಳಿದ್ದರೆ ಯಾರೋ ಅವನ್ನು ಅಟ್ಟಿಸಿಕೊಂಡು ಬಂದಿದ್ದಾರೆ ಅಂತ ಅರ್ಥ. ಟೆಕ್ಸೋಮಾ ಕೆರೆಯಲ್ಲಿ ಸ್ಟ್ರೈಪ್ಡ್ ಬಾಸ್ ಹುಡುಕುವವರು ನೋಡುವುದು ಇದನ್ನೇ.

ಬೇಸಿಗೆಯಲ್ಲಿ ಹದಿನೈದು ಇಪ್ಪತ್ತೈದು ಅಡಿ ಆಸುಪಾಸು ಪರದೆಯ ಉದ್ದಕ್ಕೂ ಒಂದು ಮಸುಕು ಪಟ್ಟಿ ಕಾಣಬಹುದು. ಮೇಲಿನ ಬೆಚ್ಚಗಿನ ನೀರು, ಕೆಳಗಿನ ತಣ್ಣಗಿನ ನೀರು ಬೆರೆಯದೆ ನಿಂತ ಗಡಿ ಅದು. ಸೆನ್ಸಿಟಿವಿಟಿ ಏರಿಸಿದರೆ ಚೆನ್ನಾಗಿ ಕಾಣುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅದರ ಕೆಳಗೆ ಆಮ್ಲಜನಕ ಬಹಳ ಕಡಿಮೆ. 40 ಅಡಿಯಲ್ಲಿ ಎಷ್ಟು ಚೆಂದದ ಮರ ಇದ್ದರೂ ಅಲ್ಲಿ ಸಮಯ ಕಳೆಯಬೇಡಿ. ಆ ಪಟ್ಟಿ ಎಲ್ಲಿ ನೆಲಕ್ಕೆ ಮುಟ್ಟುತ್ತದೋ ಆ ಆಳದಲ್ಲಿ ದಡದುದ್ದಕ್ಕೂ ಹುಡುಕಿ. ಅರ್ಧ ಕೆರೆಯನ್ನು ಲೆಕ್ಕದಿಂದ ತೆಗೆದುಹಾಕುವ ಈ ಒಂದು ಗೆರೆಗಾಗಿಯೇ ಯಂತ್ರದ ದುಡ್ಡು ಕೊಡಬಹುದು.

ಗುರುತು ನೋಡಿ ಯಾವ ಮೀನು ಅಂತ ಹೇಳಬಹುದಾ?

ಊಹಿಸಬಹುದು. ಮರದ ಮೇಲ್ಭಾಗದಲ್ಲಿ ಒಂದರ ಮೇಲೊಂದು ಜೋಡಿಸಿದಂತೆ ಚುಕ್ಕೆಗಳಿದ್ದರೆ ಕ್ರಾಪಿ ಇರಬಹುದು. ತಳಕ್ಕೆ ಅಂಟಿಕೊಂಡ ಕ್ಯಾಟ್‌ಫಿಶ್ ಕಾಣುವುದೇ ಕಷ್ಟ. ಖಚಿತ ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ. ಟೆಕ್ಸಾಸ್‌ನ ದಾಖಲೆಯ ಲಾರ್ಜ್‌ಮೌತ್ ಬಾಸ್, 18.18 ಪೌಂಡ್, 1992ರಲ್ಲಿ ಲೇಕ್ ಫೋರ್ಕ್‌ನಲ್ಲಿ ಸಿಕ್ಕಿದ್ದು ಕ್ರಾಪಿಗೆ ಗಾಳ ಹಾಕಿ ಕೂತಿದ್ದವರಿಗೆ.

ಮೀನು ಕಾಣುತ್ತದೆ, ಕಚ್ಚುವುದೇ ಇಲ್ಲ. ಯಾಕೆ?

ಇದ್ದ ಮೀನೆಲ್ಲ ಹಸಿದಿರಬೇಕು ಅಂತೇನಿಲ್ಲವಲ್ಲ. ನೀವು ಬಾಸ್ ಅಂದುಕೊಂಡಿದ್ದು ಕಾರ್ಪ್ ಇರಬಹುದು. ಇಪ್ಪತ್ತು ನಿಮಿಷ ಕೊಡಿ, ಎರಡು ಥರದ ಗಾಳ ಬದಲಿಸಿ, ಜಾಗ ಬಿಡಿ. ಪರದೆ ಮೇಲಿನ ಮೀನಿನ ಜೊತೆ ಹಟ ಹಿಡಿದು ಅರ್ಧ ದಿನ ಕಳೆಯುವುದು ಈ ಯಂತ್ರ ಕೊಂಡವರಿಗೆಲ್ಲ ಅಂಟುವ ರೋಗ.

ಶಬ್ದಕ್ಕೆ ಮೀನು ಹೆದರುವುದಿಲ್ಲವಾ?

ಬಾಸ್, ಕ್ಯಾಟ್‌ಫಿಶ್‌ಗಳಿಗೆ ಇಷ್ಟು ಕೀಚಲು ಶಬ್ದ ಕೇಳಿಸುವುದಿಲ್ಲ. ಅಮೆರಿಕನ್ ಶಾಡ್ ಮಾತ್ರ 180 ಕಿಲೋಹರ್ಟ್ಸ್‌ವರೆಗೂ ಕೇಳಿಸಿಕೊಳ್ಳುತ್ತದೆ ಅಂತ ಕಂಡುಕೊಂಡಿದ್ದಾರೆ, ಡಾಲ್ಫಿನ್‌ಗಳಿಂದ ತಪ್ಪಿಸಿಕೊಳ್ಳಲು ಬೇಕಲ್ಲ. ನಿಮ್ಮ ಹುಟ್ಟು ಕಯಾಕ್ ಅಂಚಿಗೆ ಬಡಿದ ಸದ್ದು ಮೀನಿಗೆ ಇದಕ್ಕಿಂತ ಎಷ್ಟೋ ಜೋರು.

ಸೈಡ್ ಇಮೇಜಿಂಗ್ ಕಯಾಕ್‌ನಲ್ಲಿ ಚೆನ್ನಾಗಿ ಬರುವುದಿಲ್ಲ ಅಂತಾರೆ. ನಿಜವಾ?

ಹುಟ್ಟು ಹಾಕಿದಾಗ ಮೂಗು ಎಡಕ್ಕೆ ಬಲಕ್ಕೆ ಅಲ್ಲಾಡುತ್ತದೆ, ಚಿತ್ರವೂ ಅಲೆಅಲೆಯಾಗುತ್ತದೆ. ನಿಧಾನವಾಗಿ, ಒಂದೇ ಸಮ, ಗಂಟೆಗೆ ಎರಡು ಮೂರು ಮೈಲಿ ವೇಗದಲ್ಲಿ ನೇರ ಗೆರೆ ಹಿಡಿದರೆ ಬಹಳ ಚೆನ್ನಾಗಿ ಬರುತ್ತದೆ. ಪೆಡಲ್ ಕಯಾಕ್ ಇದ್ದರೆ ಇನ್ನೂ ಸುಲಭ. ತಿರುಗುವಾಗ ಬಂದ ಚಿತ್ರವನ್ನು ನಂಬಬೇಡಿ. ವಸ್ತುವಿಗಿಂತ ಅದರ ನೆರಳು ನೋಡಿ. ನೆರಳು ಉದ್ದ ಇದ್ದರೆ ಅದು ತಳದಿಂದ ಎತ್ತರಕ್ಕೆ ನಿಂತಿದೆ. ಬಿಳಿ ಚುಕ್ಕೆಯಿಂದ ನೆರಳು ಬಿಟ್ಟುಕೊಂಡಿದ್ದರೆ ತಳ ಬಿಟ್ಟು ಮೇಲೆ ತೇಲುತ್ತಿರುವ ಮೀನು.

ಬಿಸಿಲಿಗೆ ಪರದೆ ಕಾಣುವುದೇ ಇಲ್ಲ.

ನಿಮ್ಮ ಪೋಲರೈಸ್ಡ್ ಕನ್ನಡಕ ತೆಗೆದು ನೋಡಿ. ಕೆಲವು ಪರದೆಗಳು ಅದರೊಳಗಿಂದ ಕಪ್ಪಾಗುತ್ತವೆ. ಪರದೆಯನ್ನು ಸ್ವಲ್ಪ ಓರೆ ಮಾಡಿದರೆ ಸರಿಹೋಗಬಹುದು. ಬ್ರೈಟ್‌ನೆಸ್ ಪೂರ್ತಿ ಇಡಿ, ಬ್ಯಾಟರಿ ಲೆಕ್ಕವನ್ನೂ ಹಾಗೇ ಹಾಕಿ.

ವಾಪಸ್ ಬಂದ ಮೇಲೆ ಏನು ಮಾಡಬೇಕು?

ನೀರು ಬಸಿಯಿರಿ. 2009ರಲ್ಲಿ ಟೆಕ್ಸೋಮಾದಲ್ಲಿ ಜೀಬ್ರಾ ಮಸಲ್ ಎಂಬ ಸಣ್ಣ ಚಿಪ್ಪುಜೀವಿ ಸಿಕ್ಕಿತು, ಆಮೇಲೆ ಕೆರೆಯಿಂದ ಕೆರೆಗೆ ಹರಡಿತು. 2014ರಿಂದ ಟೆಕ್ಸಾಸ್ ಪೂರ್ತಿ, ಸಾರ್ವಜನಿಕ ನೀರಿನಿಂದ ಹೊರಡುವ ಯಾವ ದೋಣಿಯಲ್ಲೂ ನೀರು ಉಳಿಸಿಕೊಂಡು ಹೋಗುವಂತಿಲ್ಲ. ಕಯಾಕ್ ಕೂಡ ಇದರಲ್ಲಿ ಬರುತ್ತದೆ. ಟ್ರಾನ್ಸ್‌ಡ್ಯೂಸರ್ ಗುಳಿಯಲ್ಲಿ ಕೆಸರು, ಹುಲ್ಲು ಸಿಕ್ಕಿಕೊಂಡಿರುತ್ತದೆ, ಬೆರಳು ಹಾಕಿ ತೆಗೆಯಿರಿ. ಪ್ರೆಶರ್ ವಾಷರ್ ಬೇಡ, ಮೆತ್ತನೆ ಬಟ್ಟೆ ಸಾಕು. ಸೊಳ್ಳೆ ಔಷಧಿ ಹಚ್ಚಿದ ಕೈಯಿಂದ ಪರದೆ ಮುಟ್ಟಬೇಡಿ, ಅದರಲ್ಲಿರುವ ಡೀಟ್ ಪ್ಲಾಸ್ಟಿಕ್ ತಿನ್ನುತ್ತದೆ. ಉಪ್ಪುನೀರಿಗೆ ಹೋಗಿದ್ದರೆ ಅವತ್ತೇ ಸಿಹಿನೀರಿನಲ್ಲಿ ತೊಳೆದು, ಪ್ಲಗ್ ಪಿನ್‌ಗಳಿಗೆ ಸ್ವಲ್ಪ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ.

ಊರಿಗೆ ಹೋಗುವಾಗ ವಿಮಾನದಲ್ಲಿ ತಗೊಂಡು ಹೋಗಬಹುದಾ?

ಯಂತ್ರ, ಟ್ರಾನ್ಸ್‌ಡ್ಯೂಸರ್ ಚೆಕ್-ಇನ್ ಬ್ಯಾಗಿನಲ್ಲಿ ಹೋಗಬಹುದು. ತೊಡಕು ಇರುವುದು ಬ್ಯಾಟರಿಯಲ್ಲಿ. ಬಿಡಿ ಲಿಥಿಯಂ ಬ್ಯಾಟರಿ ಕ್ಯಾಬಿನ್ ಬ್ಯಾಗಿನಲ್ಲಿ ಮಾತ್ರ. 100 ವಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದರೆ ಆಗುವುದೇ ಇಲ್ಲ. 12.8 ವೋಲ್ಟ್ 7 ಆಂಪ್-ಅವರ್ ಬ್ಯಾಟರಿ 90 ವಾಟ್-ಅವರ್ ಒಳಗೆ ಬರುತ್ತದೆ. 10 ಆಂಪ್-ಅವರ್‌ದು 128. ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ. ಇಷ್ಟೆಲ್ಲ ಯಾಕೆ ಅನ್ನಿಸಿದರೆ ಬ್ಯಾಟರಿ ಇಲ್ಲೇ ಬಿಟ್ಟು ಹೋಗಿ, ಊರಿನಲ್ಲಿ 12 ವೋಲ್ಟ್ 7 ಆಂಪ್-ಅವರ್ ಸೀಸದ ಬ್ಯಾಟರಿ ಯುಪಿಎಸ್ ಅಂಗಡಿಯಲ್ಲಿ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ. ಗಾರ್ಮಿನ್ ಇನ್‌ರೀಚ್ ಥರದ ಸ್ಯಾಟಲೈಟ್ ಮೆಸೆಂಜರ್ ಕಯಾಕ್ ಬ್ಯಾಗಿನಲ್ಲಿ ಇದ್ದರೆ ಅದನ್ನು ತೆಗೆದಿಟ್ಟು ಹೊರಡಿ. ಭಾರತದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ, ಅದಕ್ಕಾಗಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ. ಫಿಶ್ ಫೈಂಡರ್‌ಗೂ ಅದಕ್ಕೂ ಸಂಬಂಧ ಇಲ್ಲ, ಆದರೆ ಎರಡೂ ಒಂದೇ ಕಂಪನಿಯವು ಅಂತ ಒಟ್ಟಿಗೆ ತುಂಬಿಕೊಂಡು ಹೋಗುವವರು ಇದ್ದಾರೆ.

ಕರ್ನಾಟಕದ ನೀರಿನಲ್ಲಿ ಇದು ಉಪಯೋಗಕ್ಕೆ ಬರುತ್ತಾ?

ಮಲ್ಪೆ, ಮಂಗಳೂರಿನ ದೊಡ್ಡ ಬೋಟುಗಳಿಗೆ ಇದೇನೂ ಹೊಸದಲ್ಲ. ಕಯಾಕ್‌ನಲ್ಲಿ ಅಂದರೆ ಕರಾವಳಿಯ ಹೊಳೆ, ಅಳಿವೆಗಳು ಚೆನ್ನಾಗಿವೆ. ಅಲ್ಲಿ ನೀರಿನ ಉಬ್ಬರ ಇಳಿತದಿಂದ ಮರಳು ದಿಬ್ಬಗಳ ಜಾಗ ಬದಲಾಗುತ್ತಾ ಇರುತ್ತದೆ. ಹೋದ ವರ್ಷದ ಗುರುತು ಈ ವರ್ಷಕ್ಕೆ ಆಗುವುದಿಲ್ಲ, ಪ್ರತಿ ಸಲ ಹೊಸದಾಗಿ ಆಳ ನೋಡಬೇಕು. ಕಾಂಡ್ಲಾ ಬೇರುಗಳ ಹತ್ತಿರ ಟ್ರಾನ್ಸ್‌ಡ್ಯೂಸರ್ ಕೈ ಎತ್ತಿಬಿಡಿ. ಮರಳಿನಲ್ಲಿ ಹುದುಗಿ ಕೂರುವ ಕಾಣೆ ಮೀನು ಯಾವ ಸೋನಾರ್‌ಗೂ ಸಿಗುವುದಿಲ್ಲ, ಆದರೆ ಅದು ಕೂರುವ ಮರಳು ಎಲ್ಲಿದೆ ಅಂತ ತೋರಿಸುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವಂತಿಲ್ಲ. ಕಯಾಕ್ ತಗೊಂಡು ಅಳಿವೆ ದಾಟುವ ಸಾಹಸ ಆಗ ಬೇಡವೇ ಬೇಡ.

ಜಲಾಶಯಗಳಲ್ಲಿ ಗಾಳ ಹಾಕುವ ಮೊದಲು ಮೀನುಗಾರಿಕೆ ಇಲಾಖೆಯವರನ್ನು ಕೇಳಿ. ಕಾಳಿ ನದಿಯಲ್ಲಿ, ದಾಂಡೇಲಿ ಹತ್ತಿರ ಮೊಸಳೆಗಳಿವೆ, ಅದನ್ನು ಸೋನಾರ್ ನೋಡಿ ತಿಳಿದುಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. ನನಗೆ ಆಸೆ ಇರುವುದು ಲಿಂಗನಮಕ್ಕಿಯ ಮೇಲೆ. ಶರಾವತಿಗೆ ಮೊದಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಆ ನೀರೊಳಗೇ ಮುಳುಗಿದೆ. ನೀರು ಬಹಳ ಇಳಿದ ವರ್ಷ ಅದು ಮೇಲೆ ಕಾಣುತ್ತದೆ. ನೀರು ತುಂಬಿದಾಗ ಅದರ ಮೇಲೆ ಸೈಡ್ ಇಮೇಜಿಂಗ್ ಹಾಕಿಕೊಂಡು ಹೋದರೆ ಆ ಗೋಡೆ, ಅದರ ನೆರಳು ಹೇಗೆ ಬರಬಹುದು ಅಂತ ನೋಡಬೇಕು. ಯಾರಿಗಾದರೂ ಅಲ್ಲಿ ಕಯಾಕ್ ಇಳಿಸುವ ಅನುಮತಿ ಸಿಕ್ಕರೆ ಯಂತ್ರ ನಾನು ತರುತ್ತೇನೆ.